ಪೈಲ್ವಾನರ ಬ್ರೆಡ್

ಹುಕ್ಕೇರಿ ಕಡೆಯ ಒಂದು ಗರಡಿಮನೆಯಲ್ಲಿ ನೀಲವ್ವ ಎಂಬ ಅಡುಗೆಯವಳಿದ್ದಳು. ಮೊಳಕೆ ಬರಿಸಿದ ಗೋಧಿಯನ್ನು ಅರೆದು, ಭಟ್ಟಿಯಲ್ಲಿ ಬ್ರೆಡ್ ಸುಟ್ಟು ಪೈಲ್ವಾನರಿಗೆ ಕೊಡುತ್ತಿದ್ದಳು.

ಗರಡಿಯ ಯಜಮಾನ ಚನಮಲ್ಲಪ್ಪ ಸಾಹುಕಾರರಿಗೆ ಅದು ಹಿಡಿಸಲಿಲ್ಲ.

"ಈ ಕರೀ ಬ್ರೆಡ್ ನನ್ನ ಮರ್ಯಾದಿ ಕಳೀತೈತಿ. ನಾಳಿಂದ ಪ್ಯಾಟಿಯ ಬಿಳಿ ಬ್ರೆಡ್ ಬರ್ತೈತಿ. ಪೈಲ್ವಾನರು ಅದನ್ನ ತಿನ್ನಬೇಕು. ಇಲ್ಲಾಂದ್ರ ನಿನಗ ಕೆಲಸ ಇಲ್ಲ!"

"ಆಗ್ಲಿ ಧಣ್ಯಾರ, ಪೈಲ್ವಾನರಿಗೇ ತಿನ್ನಸ್ತೀನ್ರಿ" ಎಂದಳು ನೀಲವ್ವ.

ತಿಂಗಳ ಮೇಲೆ ಊರಿನ ಇನ್ನೊಂದು ಗರಡಿಯ ಜೊತೆ ಕುಸ್ತಿಯ ದಿನ ಬಂತು. ಎದುರು ಗರಡಿಯವರು ಕಣಕ್ಕಿಳಿದ ಸ್ವಲ್ಪ ಹೊತ್ತಿಗೇ ಏದುಸಿರು ಬಿಡತೊಡಗಿದರು. ಸಾಹುಕಾರರ ಗರಡಿಯ ಹುಡುಗರು ಅವರನ್ನು ಒಬ್ಬೊಬ್ಬರನ್ನಾಗಿ ಚಿತ್ ಮಾಡಿದರು.

ಸಾಹುಕಾರರು ಮೀಸೆ ತಿರುವಿದರು. "ನೋಡಿದೇನು ನೀಲವ್ವಾ, ಬಿಳಿ ಬ್ರೆಡ್ಡಿನ ಕಸುವು?"

"ನೋಡಿದ್ನಿರಿ. ದಿನಾ ಅದನ್ನ ನಿಮ್ಮ ಹೆಸರು ಹೇಳಿ ಎದುರು ಗರಡಿ ಪೈಲ್ವಾನರಿಗೆ ಕಳಸ್ತಿದ್ದೆ. ನಮ್ಮವರು ನನ್ನ ಮೊಳಕಿ ಬ್ರೆಡ್ಡನ್ನ ತಿಂದಾರ."

ಸಾಹುಕಾರರ ಕೈ ಮೀಸೆಯ ಮೇಲೇ ನಿಂತಿತು. ಸಿಟ್ಟಾಗಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ಹೊಟ್ಟೆ ಕುಲುಕುವಂತೆ ನಕ್ಕುಬಿಟ್ಟರು.

"ನಾಳಿಂದ ನನಗೂ ನಿನ್ನ ಬ್ರೆಡ್ಡೇ ಕೊಡವ್ವಾ" ಎಂದರು. ಆಮೇಲೆ ದನಿ ತಗ್ಗಿಸಿ, "ಆದರ ಅವರಿಗೆ ಬಿಳಿ ಬ್ರೆಡ್ ಕಳಸೋದು ಮಾತ್ರ ನಿಲ್ಲಸಬ್ಯಾಡ!" ಎಂದರು.