ಇಲ್ಲದ ಲಾರಿ ಕಂಡ ಕಾರು

ಇದು ನಡೆದದ್ದು. ಕಪಿಲೆ ನೀರು ಬೊಗಸೇಲಿ ಹಿಡ್ಕೊಂಡು ಹೇಳ್ತೀನಿ, ಒಂದಕ್ಷರ ಸುಳ್ಳಿಲ್ಲ. ಕಟ್ಟುಕತೆ ಅನ್ನೋನು ಯಾವನಾದ್ರೂ ಇದ್ರೆ ನನ್ನ ಮುಂದೆ ನಿಂತು ಅನ್ನಲಿ.

ನಾನು ಜವರಪ್ಪ. ಮೊಟ್ಟೆ ಜವರಪ್ಪ ಅಂದ್ರೆ ಎಲ್ರಿಗೂ ಗೊತ್ತು. ನಲವತ್ತು ವರ್ಷ ಹೋಟ್ಲು ಹೋಟ್ಲಿಗೆ ಮೊಟ್ಟೆ ಹಾಕಿದೋನು. ಮೊದಲು ಸೈಕಲ್ಲು, ಆಮೇಲೆ ಟಿವಿಎಸ್ಸು. ಗುಂಡಿ ಬಿದ್ದ ರೋಡಲ್ಲೂ ನನ್ನ ಟ್ರೇಲಿ ಮೊಟ್ಟೆ ನಿದ್ದೆ ಮಾಡ್ತಿರ್ತವೆ. ಹಂಗೆ ಗಾಡಿ ಓಡಿಸೋ ಇನ್ನೊಬ್ಬನ್ನ ಈ ಸುತ್ತಮುತ್ತ ತೋರ್ಸಿ, ಮೀಸೆ ಬೋಳಿಸ್ಕೊಳ್ತೀನಿ.

ಹೊಳೆದಂಡೇಲಿ ಒಂದು ಆಶ್ರಮ. ನಾಕು ಕೋಣೆ, ಒಂದು ಹೊಂಗೆ ಮರ, ನೀರಿಗಿಳಿಯೋ ಮೆಟ್ಲು. ಅಲ್ಲಿ ಒಬ್ರು ಅಯ್ನೋರು. ಅವರ ಶಿಷ್ಯ ಚೆನ್ನಂಜ.

ಯಾರೋ ಭಕ್ತರು ಆಶ್ರಮಕ್ಕೊಂದು ಕಾರು ಕೊಟ್ಟಿದ್ರು. ಓಡಿಸ್ತಿದ್ದೋನು ಚೆನ್ನಂಜ.

ಅಂತಿಂಥ ಕಾರಲ್ಲ. ಮುಂದಿನ ಗಾಜಿನ ಹಿಂದೆ ಒಂದು ಕ್ಯಾಮರಾ ಕೂರಿಸವ್ರೆ. ಅದು ರೋಡು ನೋಡ್ತಿರ್ತದೆ. ಅಡ್ಡ ಏನಾದ್ರೂ ಬಂದ್ರೆ ಕಾರು ತಾನೇ ಬ್ರೇಕು ಹಾಕ್ತದೆ. ಓಡಿಸೋನು ಆಕಳಿಸ್ತಾ ಕೂತಿದ್ರೂ ಆಯ್ತು.

ಒಂದಿನ ಬೆಳಗ್ಗೆ ಆ ಕಾರಿನ ಹಿಂದೆ ನಾನು. ನೆಟ್ಟಗಿರೋ ರೋಡು. ದೂರದಲ್ಲಿ ಊರ ಕಮಾನು. ಮುಂದೆ ಒಂದು ನಾಯಿನೂ ಇಲ್ಲ, ಕೋಳಿನೂ ಇಲ್ಲ.

ಕಾರು ಇದ್ದಕ್ಕಿದ್ದಂಗೆ ಕಿರ್ರಂತ ನಿಂತುಬಿಡ್ತು.

ನಾನು ಹೋಗಿ ಗುದ್ದಿದೆ.

ಮೊಟ್ಟೆಯೆಲ್ಲಾ ರೋಡಲ್ಲಿ. ಮೊಣಕಾಲು ತರಚಿ ರಕ್ತ. ಹ್ಯಾಂಡ್ಲು ಸೊಟ್ಟ. ಚೆನ್ನಂಜ ಇಳಿದು ಬಂದ. ಬಂದೋನು ಮೊದಲು ಏನ್ ನೋಡ್ದ ಗೊತ್ತಾ? ಬಂಪರ್ ನೋಡ್ದ!

"ಹಿಂದಿಂದ ಗುದ್ದಿದೋರದ್ದೇ ತಪ್ಪು, ತಾತ," ಅಂದ. "ವಯಸ್ಸಾಯ್ತು ನಿಮಗೆ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

ಆ ಮಾತು ನನ್ನ ಟಿವಿಎಸ್ಸಿಗಿಂತ ಜೋರಾಗಿ ಓಡ್ತು. ನಾನು ಪಟ್ಟಿ ಕಟ್ಟಿಸ್ಕೊಂಡು ಬರೋದ್ರೊಳಗೆ ಎಲ್ಲಾ ಹೋಟ್ಲಲ್ಲೂ ಅದೇ. ಜವರಪ್ಪಂಗೆ ಕಣ್ಣು ಕಾಣಲ್ವಂತೆ.

ಮಿಲಿಟ್ರಿ ಹೋಟ್ಲು ಸಾಕಮ್ಮ ಸೆರಗಲ್ಲಿ ಕೈ ಒರೆಸ್ಕೊಂಡು ಅಂದ್ಲು, "ಬೇಜಾರ್ ಮಾಡ್ಕೋಬೇಡ ಕಣಣ್ಣ. ನಾಳೆಯಿಂದ ಒಬ್ಬ ಆಟೋದೋನು ಹಾಕ್ತಾನಂತೆ. ನೀನೂ ಎಷ್ಟು ದಿನ ಅಂತ ಓಡಾಡ್ತೀಯ?"

ಬಸ್‌ಸ್ಟ್ಯಾಂಡ್ ಹೋಟ್ಲೋನು ಅಷ್ಟೂ ಹೇಳಲಿಲ್ಲ. ತಲೆ ಎತ್ತದೆ ಕೈ ಆಡಿಸಿಬಿಟ್ಟ, ನೊಣ ಓಡಿಸ್ದಂಗೆ.

ನಲವತ್ತು ವರ್ಷ! ಒಂದು ಮಾತಲ್ಲಿ ಕುರುಡ ಆಗೋದೆ.

ಕುಂಟ್ಕೊಂಡೇ ಆಶ್ರಮಕ್ಕೆ ಹೋದೆ. ಅಯ್ನೋರು ಹೊಂಗೆ ಮರದಡಿ ಕೂತಿದ್ರು, ಕಣ್ಣಿಗೆ ಕಪ್ಪು ಕನ್ನಡಕ. ಪಕ್ಕದಲ್ಲಿ ಚೆನ್ನಂಜ, ಮಡಿಪಂಚೆ ಉಟ್ಕೊಂಡು, ಏನೂ ನಡದೇ ಇಲ್ಲ ಅನ್ನೋ ಥರ.

"ಬುದ್ದಿ, ನ್ಯಾಯ ಕೇಳಕ್ಕೆ ಬಂದಿವ್ನಿ," ಅಂದೆ.

"ಕೂತ್ಕೋ, ಜವರಪ್ಪ."

"ಮೊಣಕಾಲು ಮಡಚಕ್ಕಾಗಲ್ಲ."

"ಹಂಗಾದ್ರೆ ನಿಂತ್ಕೊಂಡೇ ಬಯ್ಯಿ."

ಬಯ್ದೆ. ಬಾಯಿಗೆ ಬಂದಂಗೆ ಬಯ್ದೆ. ಹೊಂಗೆ ಮರದ ಮೇಲಿದ್ದ ಕಾಗೆ ಹಾರ್ಹೋಯ್ತು. ಅಯ್ನೋರು ನಾನು ಮುಗಿಸೋವರೆಗೂ ಕೇಳಿ ಶಿಷ್ಯನ ಕಡೆ ತಿರುಗಿದ್ರು.

"ಬ್ರೇಕ್ ಯಾಕೆ ಹಾಕ್ದೆ?"

"ನಾನು ಹಾಕಲಿಲ್ಲ, ಬುದ್ದಿ. ಕಾರು ಹಾಕ್ತು."

"ಏನ್ ಕಂಡು?"

"ಏನೋ ಕಂಡಿರ್ತದೆ. ನಮ್ಮ ಕಣ್ಣಿಗಿಂತ ಅದರ ಕಣ್ಣು ಸೂಕ್ಷ್ಮ."

ನನಗೆ ತಡಕೊಳ್ಳಕ್ಕಾಗಲಿಲ್ಲ. "ಏನ್ ಮರಿಸ್ವಾಮೇರೆ, ರೋಡ್ ಮಧ್ಯೆ ದೇವರು ಬಂದು ನಿಂತಿದ್ನಾ, ನಿಮ್ಮ ಕಾರಿಗೊಂದಕ್ಕೇ ದರ್ಶನ ಕೊಡಕ್ಕೆ?"

ಅಯ್ನೋರು ಕೈ ಎತ್ತಿದ್ರು. ನಾನು ಸುಮ್ಮನಾದೆ. ಪೂರ್ತಿ ಆಗಲಿಲ್ಲ, ಒಳಗೊಳಗೇ ಗೊಣಗ್ತಿದ್ದೆ.

"ಮೊದಲೂ ಹಿಂಗೆ ನಿಲ್ತಿತ್ತಾ?"

"ಇಲ್ಲ, ಬುದ್ದಿ."

"ಯಾವಾಗಿಂದ?"

ಚೆನ್ನಂಜ ಪಂಚೆ ಅಂಚು ಮಡಚಿದ, ಬಿಚ್ಚಿದ.

"ಗಾಜು ಹಾಕಿಸ್ದ ಮೇಲೆ."

ಆಗ ಬಂತು ಆಚೆಗೆ. ಜಲ್ಲಿ ಲಾರಿಯಿಂದ ಕಲ್ಲು ಸಿಡಿದು ಕಾರಿನ ಮುಂದಿನ ಗಾಜು ಸೀಳಿತ್ತು. ಇವನು ಪೇಟೆಗೆ ಹೋಗಿ ಹೊಸ ಗಾಜು ಹಾಕಿಸ್ದ. ಗಾಜಿನ ಅಂಗಡಿ ಮೇಸ್ತ್ರಿ ಹೇಳಿದ್ದಾನೆ, ಸ್ವಾಮಿ, ಇಷ್ಟಕ್ಕೇ ಮುಗೀಲಿಲ್ಲ, ಕ್ಯಾಮರಾ ಈ ಗಾಜಿನ ಒಳಗಿಂದ ನೋಡೋದು, ಗಾಜು ಬದಲಾದ ಮೇಲೆ ಅದಕ್ಕೆ ಮತ್ತೆ ನೋಡಕ್ಕೆ ಕಲಿಸ್ಬೇಕು, ಕಾರು ಅರ್ಧ ದಿನ ಇಲ್ಲೇ ಬಿಡಿ.

"ನೀನೇನಂದೆ?" ಅಂದ್ರು ಅಯ್ನೋರು.

"ಬೇಡ ಅಂದೆ. ಕ್ಯಾಮರಾ ಅದೇ, ಕಾರು ಅದೇ, ರೋಡೂ ಅದೇ. ಹೊಸದಾಗಿ ಕಲಿಸೋದೇನು? ಸಂಜೆ ಪೂಜೆಗೆ ಹೊತ್ತಾಗ್ತಿತ್ತು. ಬಂದ ಮೇಲೆ ಕಾರಿಗೆ ಕುಂಬಳಕಾಯಿ ಒಡೆದೆ, ಬುದ್ದಿ. ಚಕ್ರಕ್ಕೆ ನಿಂಬೆಹಣ್ಣೂ ಇಟ್ಟೆ."

"ನಿಂಬೆಹಣ್ಣು!" ಅಂದೆ ನಾನು. "ನನ್ನ ಮೊಟ್ಟೆಗೂ ಒಂದು ಇಡಬೇಕಾಗಿತ್ತು ಕಣಪ್ಪ, ಆಮ್ಲೆಟ್ಟಿಗಾದ್ರೂ ಆಗೋದು!"

ಅಯ್ನೋರು ನಗಲಿಲ್ಲ. "ಜವರಪ್ಪ ಬಿಸಿಲಲ್ಲಿ ಬಂದವ್ನೆ. ಮಜ್ಜಿಗೆ ತಗೊಂಬಾ," ಅಂದ್ರು.

ಚೆನ್ನಂಜ ಒಂದು ಚೊಂಬು ಮಜ್ಜಿಗೆ, ಒಂದು ಲೋಟ ತಂದ. ಲೋಟ ನೆಲದ ಮೇಲಿಟ್ಟು ಅದರ ಪಕ್ಕದಲ್ಲೇ ಕೂತ. ಅಯ್ನೋರು ಚೊಂಬು ತಾವೇ ಇಸ್ಕೊಂಡ್ರು. ಕಪ್ಪು ಕನ್ನಡಕ ತೆಗೆದಿಟ್ರು. ಬಗ್ಗಿ ಸುರಿದ್ರು.

ಒಂದು ಹನಿನೂ ಲೋಟಕ್ಕೆ ಬೀಳಲಿಲ್ಲ. ಅಷ್ಟೂ ಚೆನ್ನಂಜನ ಮಡಿಪಂಚೆ ಮೇಲೆ.

"ಬುದ್ದೀ! ಲೋಟ ಇಲ್ಲೈತೆ!"

"ನೆಟ್ಟಗೇ ಸುರಿದ್ನಲ್ಲ."

"ಎಲ್ಲಿ ನೆಟ್ಟಗೆ? ನಿಮಗೆ ಕಣ್ಣಿನ ಪೊರೆ ತೆಗೆದು ಇನ್ನೂ ವಾರ ಆಗಿಲ್ಲ. ಒಳಗೆ ಹೊಸ ಲೆನ್ಸ್ ಹಾಕವ್ರೆ. ದೃಷ್ಟಿ ಹೊಂದ್ಕೊಂಡು, ಡಾಕ್ಟ್ರು ನೋಡಿ ಹೂಂ ಅನ್ನೋವರೆಗೂ ಒಬ್ಬರೇ ಮೆಟ್ಲಿಳೀಬೇಡಿ ಅಂದಿಲ್ವಾ? ಅದಕ್ಕೇ ತಾನೆ ದಿನಾ ನಾನು ಕೈ ಹಿಡ್ಕೊಂಡು ಹೊಳೆಗೆ ಇಳಿಸ್ತಿರೋದು?"

"ಯಾಕ್ ಹಿಡೀತೀಯ?" ಅಂದ್ರು ಅಯ್ನೋರು. "ಕಣ್ಣು ಅದೇ. ಮೆಟ್ಲು ಅದೇ. ಹೊಳೆನೂ ಅದೇ."

ಚೆನ್ನಂಜ ಒದ್ದೆ ಪಂಚೆ ಹಿಡ್ಕೊಂಡು ಎದ್ದ. ಪಂಚೆಯಿಂದ ಮಜ್ಜಿಗೆ ತೊಟ್ಟಿಕ್ತಿತ್ತು.

ಆದ್ರೂ ಓದ್ಕೊಂಡೋನು ನೋಡಿ, ಸುಮ್ಮನೆ ಬಿಡ್ತಾನಾ? "ತಪ್ಪಿದ್ರೆ ಕಾರೇ ಹೇಳ್ಬೇಕಿತ್ತು, ಬುದ್ದಿ. ಎದುರಿಗೆ ಒಂದು ಕೆಂಪು ದೀಪನೂ ಹತ್ತಲಿಲ್ಲ."

"ನನಗೂ ಹತ್ತಲಿಲ್ಲ," ಅಂದ್ರು ಅಯ್ನೋರು. "ಚೊಂಬು ತುಂಬಿಸ್ಕೊಂಡು ಬಾ. ಈ ಸಲ ನೀನು ಸುರಿ."

ಮಾರನೆ ದಿನ ಮೂರೂ ಜನ ಪೇಟೆಗೆ ಹೋದ್ವಿ. ನಾನು ಆ ಕಾರಲ್ಲಿ ಕೂರಲ್ಲ ಅಂದೆ. ಅಯ್ನೋರೂ ಕೂರಲಿಲ್ಲ, ನನ್ನ ಜೊತೆ ಬಸ್ಸಲ್ಲಿ ಬಂದ್ರು. ಚೆನ್ನಂಜ ಒಬ್ಬನೇ ಆ ತಾನೇ ಬ್ರೇಕು ಹಾಕೋದನ್ನ ಆಫ್ ಮಾಡ್ಕೊಂಡು, ಎತ್ತಿನ ಗಾಡಿ ಥರ ತಂದ.

ಗಾಜಿನ ಅಂಗಡಿ ಮೇಸ್ತ್ರಿ ಸಿಕ್ಕಿದ್ದೇ ತಡ, ಅವನ ಮೇಲೂ ಬಿದ್ದೆ. "ಏನಯ್ಯಾ, ಕಣ್ಣು ಕಟ್ಟಿ ಗಾಡಿನ ರೋಡಿಗೆ ಬಿಡ್ತೀಯಲ್ಲ, ಕೂದ್ಲು ನರೆತಿರೋದು ಬಿಸಿಲಿಗಾ?"

"ಹೇಳ್ದೆ ಅಣ್ಣ. ಇವ್ರು ಬೇಡ ಅಂದ್ರು. ಸ್ವಾಮೇರು, ಜಾಸ್ತಿ ಎದುರು ಮಾತಾಡೋದು ಹೆಂಗೆ ಅಂತ..."

"ಹೋ! ಪಂಚೆ ಕಂಡ ತಕ್ಷಣ ಬಾಯಿಗೆ ಬೀಗ! ಅದೇ ನಾನು ಬಂದಿದ್ರೆ ನಾಕು ಮಾತು ಜಾಸ್ತಿನೇ ಆಡಿರ್ತಿದ್ದೆ!"

ಅವನು ತಲೆ ತಗ್ಗಿಸ್ಕೊಂಡು ಕೆಲಸಕ್ಕೆ ಕೈ ಹಾಕ್ದ. ಕಾರನ್ನ ಒಂದು ದೊಡ್ಡ ಶೆಡ್ಡೊಳಗೆ ನಿಲ್ಲಿಸ್ದ. ನೆಲ ಅಂದ್ರೆ ಗೋಲಿ ಬಿಟ್ರೆ ಉರುಳಬಾರದು, ಅಷ್ಟು ಸಮ. ಕಾರಲ್ಲಿದ್ದ ಅಕ್ಕಿ ಮೂಟೆ ಇಳಿಸ್ದ, ಪುಸ್ತಕದ ಗಂಟು ಇಳಿಸ್ದ. ಭಾರ ಇದ್ರೆ ಕಾರಿನ ಮೂತಿ ಮೇಲಕ್ಕೆ ಎತ್ಕೊಳ್ತದಂತೆ. ಚಕ್ರಕ್ಕೆಲ್ಲಾ ಗಾಳಿ ನೋಡ್ದ. ಆಮೇಲೆ ಕಾರಿನ ಎದುರಿಗೆ, ಅಳತೆ ಹಿಡಿದು, ಕಪ್ಪು ಬಿಳಿ ಚೌಕದ ಒಂದು ಹಲಗೆ ನಿಲ್ಲಿಸ್ದ.

"ಇನ್ನು ಯಾರೂ ಮಧ್ಯೆ ಹಾಯಬೇಡಿ," ಅಂದ. "ಅದು ನೋಡ್ಲಿ."

ಅಯ್ನೋರು ಒಂದು ಸ್ಟೂಲ್ ಹಾಕಿಸ್ಕೊಂಡು ಕೂತ್ರು. ಕಾರು ಹಲಗೆ ನೋಡ್ತಿತ್ತು, ಅಯ್ನೋರು ಕಾರು ನೋಡ್ತಿದ್ರು. ನಾನು ಬೀಡಿ ಸೇದಕ್ಕೆ ಎದ್ದು ಹೋಗಿ ಬಂದೆ, ಇನ್ನೂ ಹಂಗೇ ಕೂತಿದ್ರು.

ಮೇಸ್ತ್ರಿ ಕೈಲಿದ್ದ ಮಿಷೀನು ನೋಡಿ ಹೇಳ್ದ, "ಒಂದು ಕೂದಲೆಳೆಯಷ್ಟು ಮೇಲಕ್ಕೆ ನೋಡ್ತಿತ್ತು, ಬುದ್ದಿ. ಇಲ್ಲಿ ಕೂದಲೆಳೆ, ಅಷ್ಟು ದೂರ ಹೋದ್ರೆ ಆಳುದ್ದ. ಎತ್ತರದಲ್ಲಿರೋದೆಲ್ಲಾ ರೋಡ್ ಮೇಲೇ ಇರೋ ಹಂಗೆ ಲೆಕ್ಕ ಹಾಕಿರ್ತದೆ. ಗುದ್ದಿದ ಜಾಗದಲ್ಲಿ ಮುಂದೆ ಏನಾದ್ರೂ ಇತ್ತಾ?"

"ಊರ ಕಮಾನಿತ್ತು," ಅಂದೆ.

"ಅದನ್ನೇ ಅಡ್ಡ ನಿಂತಿರೋ ಲಾರಿ ಅಂದ್ಕೊಂಡದೆ."

"ಕೇಳಿಸ್ತಾ?" ಅಂತ ಕೂಗ್ದೆ. ಶೆಡ್ಡೆಲ್ಲಾ ಗುಂಯ್ ಅಂತು. "ಕೇಳಿಸ್ತಾ, ಮರಿಸ್ವಾಮೇರೆ? ಕಣ್ಣು ಯಾರಿಗೆ ಕಾಣ್ತಿರಲಿಲ್ಲ?"

ಚೆನ್ನಂಜ ಮೆತ್ತಗೆ ಅಂದ, "ಹಂಗಾದ್ರೆ ತಪ್ಪು ಕಾರಿಂದು."

ನನ್ನ ಮೈಯೆಲ್ಲಾ ಉರಿದುಹೋಯ್ತು. ನನ್ನ ಹೆಸರು ಬೀದಿಗೆ ಬಿದ್ದೈತೆ, ಇವನು ಕಬ್ಬಿಣದ ಮೇಲೆ ಗೂಬೆ ಕೂರಿಸ್ತಾನೆ!

ಅಯ್ನೋರು ಮೇಸ್ತ್ರಿನ ಕೇಳಿದ್ರು, "ಇದು ತಪ್ಪು ಒಪ್ಕೊಳ್ತದಾ?"

"ಯಾವುದು, ಬುದ್ದಿ?"

"ಕಾರು."

ಮೇಸ್ತ್ರಿ ನಕ್ಕ. "ಅದಕ್ಕೆಲ್ಲಿ ಬಾಯೈತೆ?"

ಅಯ್ನೋರು ಶಿಷ್ಯನ ಕಡೆ ತಿರುಗಿದ್ರು. "ಇಲ್ಲಿ ಬಾಯಿರೋರು ಯಾರ್ಯಾರಿದ್ದೀವಿ?"

ಚೆನ್ನಂಜನ ಮುಖ ಆ ಹಲಗೆಯ ಬಿಳಿ ಚೌಕದಂಗಾಯ್ತು.

ಮರುದಿನ ಬೆಳಗ್ಗೆ, ನಾನು ಹ್ಯಾಂಡ್ಲು ನೆಟ್ಟಗೆ ಮಾಡಿಸ್ಕೊಂಡು ಬರೋ ಹೊತ್ತಿಗೆ, ಚೆನ್ನಂಜ ನಮ್ಮನೆ ಬಾಗಿಲಿಗೆ ಬಂದು ನಿಂತವ್ನೆ. "ತಾತ, ನಿಮ್ಮ ಹಿಂದೆ ಕೂರ್ತೀನಿ. ಎಲ್ಲೆಲ್ಲಿ ಹೇಳ್ಬೇಕೋ ಅಲ್ಲೆಲ್ಲಾ ಕರ್ಕೊಂಡೋಗಿ."

"ಮೊಟ್ಟೆ ಟ್ರೇ ತೊಡೆ ಮೇಲಿಟ್ಕೋಬೇಕು. ಆಯ್ತದಾ ನಿಮ್ಮ ಮಡಿಗೆ?"

"ಕೊಡಿ."

ಹೋದ್ವಿ. ಸಾಕಮ್ಮ ಒಲೆ ಮುಂದಿಂದ ಎದ್ದು ಓಡಿಬಂದ್ಲು. "ಅಯ್ಯಯ್ಯೋ! ಮರಿಬುದ್ದಿ ಕೈಲಿ ಮೊಟ್ಟೆ! ಜವರಣ್ಣ, ನಿನಗೇನಾದ್ರೂ ಪಾಪ ಪುಣ್ಯ ಐತಾ?"

ಗಿರಾಕಿಗಳೆಲ್ಲಾ ಕೈ ತುತ್ತು ಕೈಯಲ್ಲೇ ಬಿಟ್ಟು ನೋಡ್ತಿದ್ರು. ಚೆನ್ನಂಜನ ಕಿವಿ ಕೆಂಪಗಾಗಿದ್ವು.

"ಅಮ್ಮ, ಆವತ್ತು ರೋಡಲ್ಲಿ ಏನೂ ಇರಲಿಲ್ಲ," ಅಂದ. "ಕಾರು ಸುಮ್ಮಸುಮ್ಮನೆ ನಿಂತದ್ದು ನನ್ನ ಉಡಾಫೆಯಿಂದ. ಮೇಸ್ತ್ರಿ ಹೇಳಿದ್ದನ್ನ ನಾನು ಕೇಳಲಿಲ್ಲ. ತಾತಂಗೆ ಕಣ್ಣು ಚೆನ್ನಾಗಿ ಕಾಣ್ತವೆ. ಕಾಣಲ್ಲ ಅಂತ ನಾನು ಸುಳ್ಳು ಹೇಳ್ದೆ."

ಒಬ್ಬ ಗಿರಾಕಿ ಅಂದ, "ಇನ್ನೊಂದ್ಸಲ ಹೇಳಿ ಬುದ್ದಿ, ಮೂಲೇಲಿರೋರಿಗೆ ಕೇಳಿಸಲಿಲ್ಲ."

ಇನ್ನೊಂದ್ಸಲ ಹೇಳ್ದ, ಜೋರಾಗಿ. ಸಾಕಮ್ಮ ಟ್ರೇ ಇಸ್ಕೊಂಡ್ಲು.

ಎಲ್ಲಾ ಕಡೆ ಹಿಂಗೇ ಆಯ್ತು ಅಂತಲ್ಲ. ಬಸ್‌ಸ್ಟ್ಯಾಂಡ್ ಹೋಟ್ಲೋನು ಚೆನ್ನಂಜನ ಕಾಲಿಗೆ ಬಿದ್ದ, ಅವನ ಮಾತು ಪೂರ್ತಿ ಕೇಳ್ದ, ಆಮೇಲೆ ನನ್ನ ನೋಡಿ ಅಂದ, "ಸರಿ ಯಜಮಾನ್ರೆ. ಆದ್ರೆ ಆಟೋದೋನಿಗೆ ಮಾತು ಕೊಟ್ಟಾಗೈತಲ್ಲ." ಸುಳ್ಳು ಕೇಳಿದ ದಿನ ಯಾವ ಮಾತೂ ಅಡ್ಡ ಬರಲಿಲ್ಲ ಇವನಿಗೆ. ನಿಜ ಕೇಳಿದ ದಿನ ಬಂತು. ಇವತ್ತಿಗೂ ಅವನ ಅಂಗಡಿ ಮುಂದೆ ಹಾದ್ರೆ ನಾನು ಹಾರ್ನ್ ಒತ್ಕೊಂಡೇ ಹೋಗ್ತೀನಿ.

ವಾಪಸ್ ಆಶ್ರಮಕ್ಕೆ ಬಂದಾಗ ಅಯ್ನೋರು ಹೊಳೆ ಮೆಟ್ಲ ಮೇಲೆ ಕೂತಿದ್ರು. ಚೆನ್ನಂಜ ಅವರ ಕಾಲ ಹತ್ರ ಕೂತ.

"ಎಲ್ಲಾ ಕಡೆ ಹೇಳ್ದೆ, ಬುದ್ದಿ."

"ಹೂಂ."

"ಹೇಳಿದ್ರೂ ಮನಸ್ಸು ತಿಳಿಯಾಗಲಿಲ್ಲ. ಬಸ್‌ಸ್ಟ್ಯಾಂಡಲ್ಲಿ ನನ್ನ ಕಾಲು ಹಿಡಿದ್ರು, ತಾತನ ಮೊಟ್ಟೆ ಹಿಡಿಲಿಲ್ಲ. ಪ್ರಾಯಶ್ಚಿತ್ತಕ್ಕೆ ಏನಾದ್ರೂ ಮಂತ್ರ ಕೊಡಿ. ಎಷ್ಟು ಸಲ ಬೇಕಾದ್ರೂ ಜಪ ಮಾಡ್ತೀನಿ."

ಅಯ್ನೋರು ನನ್ನ ಕಡೆ ತಿರುಗಿದ್ರು.

"ಜವರಪ್ಪ, ಇದರಲ್ಲಿ ನಿಂಗೆಷ್ಟು ಹೋಯ್ತು?"

"ಬಿಡಿ ಬುದ್ದಿ. ನಾನು ದುಡ್ಡಿನ ಆಸೆಗೆ ಬಂದೋನಲ್ಲ."

"ಆಸೆ ಕೇಳಲಿಲ್ಲ. ಲೆಕ್ಕ ಕೇಳ್ದೆ."

ಹೇಳ್ದೆ. ಒಡೆದ ಮೊಟ್ಟೆ, ಹ್ಯಾಂಡ್ಲು, ಮೊಣಕಾಲಿನ ಪಟ್ಟಿ, ವ್ಯಾಪಾರ ನಿಂತ ದಿನ. ಒಂದ್ರೂಪಾಯಿ ಹೆಚ್ಚಿಲ್ಲ, ಒಂದ್ರೂಪಾಯಿ ಕಮ್ಮಿ ಇಲ್ಲ.

ಅಯ್ನೋರು ಶಿಷ್ಯನ್ನ ಹತ್ರ ಕರೆದ್ರು. ಉಪದೇಶ ಕೊಡೋವಾಗ ಮಾಡ್ದಂಗೆ ಅವನ ತಲೆ ಮೇಲೆ ಕೈಯಿಟ್ರು, ಬಲಗಿವಿಗೆ ಬಾಯಿಟ್ರು. ಚೆನ್ನಂಜ ಕಣ್ಣು ಮುಚ್ಕೊಂಡು ಕೈ ಮುಗಿದ. ನನ್ನ ಕಿವಿನೂ ಚುರುಕೇ, ಮೇಲಿನ ಮೆಟ್ಲಿಗೆ ಒಂದೊಂದಕ್ಷರಾನೂ ಕೇಳಿಸ್ತು.

"ನಾಕು ಸಾವಿರದ ಮುನ್ನೂರ ಎಪ್ಪತ್ತೈದು ರೂಪಾಯಿ."