ಜೈಲಿನ ಬಾಗಿಲಲ್ಲಿ ಅವ್ವನವರು

ಮಾತೋಶ್ರೀ ಸಿದ್ಧಮ್ಮನವರು ತಮ್ಮ ಕೊನೆಯ ಕಾಲವನ್ನು ಘಟಪ್ರಭೆಯ ದಂಡೆಯ ನೇಕಾರರ ಊರೊಂದರಲ್ಲಿ ಕಳೆದರು. ಅವರಿಗೆ ಮಠವೆಂಬುದಿರಲಿಲ್ಲ. ಈಶ್ವರ ಗುಡಿಯ ಹಿಂದೆ ತಗಡಿನ ಮಾಡಿನ ಒಂದು ಕೋಣೆ. ಓಣಿಯ ಮಗ್ಗಗಳಿಗೆ ರಾಟೆಯಲ್ಲಿ ನೂಲು ಸುತ್ತಿಕೊಟ್ಟು ಬಂದುದರಲ್ಲಿಯೇ ಪ್ರಸಾದ. ದರ್ಶನಕ್ಕೆ ಬಂದವರ ಕಷ್ಟವನ್ನು ರಾಟೆ ತಿರುಗಿಸುತ್ತಲೇ ಕೇಳುತ್ತಿದ್ದರು. ಜನರ ಬಾಯಲ್ಲಿ ಅವರು ಅವ್ವನವರು.

ಅದೇ ಓಣಿಯಲ್ಲಿ ದುಂಡಪ್ಪನೆಂಬ ನೇಕಾರನಿದ್ದ. ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮ ಈರಪ್ಪನನ್ನು ಅವನೂ ಹೆಂಡತಿ ನೀಲವ್ವನೂ ಮಗನಂತೆ ಬೆಳೆಸಿದ್ದರು. ಪ್ರಾಯಕ್ಕೆ ಬಂದ ಈರಪ್ಪ ಒಂದು ದಿನ ಚಹಾದಂಗಡಿಯ ಜಗಳದಲ್ಲಿ ಸಿಟ್ಟಿಗೆದ್ದು ಕಬ್ಬಿಣದ ಸಲಾಕೆಯಿಂದ ಒಬ್ಬನಿಗೆ ಹೊಡೆದ. ಆತ ಸತ್ತುಹೋದ. ಈರಪ್ಪನಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪು ಬಂದ ದಿನದಿಂದ ದುಂಡಪ್ಪ ತಮ್ಮನ ಹೆಸರೆತ್ತಲಿಲ್ಲ. ಕೆಲವು ವರ್ಷಗಳ ಮೇಲೆ, ಮಗಳು ಕಸ್ತೂರಿಯನ್ನು ಲಗ್ನಕ್ಕೆ ನೋಡಲು ಬಂದವರಿಗೆ, ತಮ್ಮ ಸೊಲ್ಲಾಪುರಕ್ಕೆ ಮಿಲ್ಲಿನ ಕೆಲಸಕ್ಕೆ ಹೋದವನ ಸುದ್ದಿಯೇ ಇಲ್ಲವೆಂದು ಹೇಳುತ್ತಿದ್ದ. ಒಮ್ಮೆಯಾದರೂ ಮೈದುನನನ್ನು ನೋಡಿ ಬರೋಣವೆಂದ ನೀಲವ್ವನಿಗೆ ಹೊಸ್ತಿಲು ದಾಟಬೇಡವೆಂದ. ಅವಳು ಅವ್ವನವರ ಮುಂದೆ ಕೂತು ಅತ್ತಳು. ಅದು ದುಂಡಪ್ಪನ ಕಿವಿಗೆ ಬಿತ್ತು. ಸಾಧುಸಂತರಲ್ಲಿ ಅವನಿಗೆ ಮೊದಲೇ ನಂಬಿಕೆಯಿರಲಿಲ್ಲ. ಸಿಟ್ಟಿನಿಂದಲೇ ಬಂದ.

“ಅವ್ವಾರ, ನೀವು ದೊಡ್ಡವರದೀರಿ. ಆದ್ರ ನನ್ನ ಮನಿ ಮಾತಿನ್ಯಾಗ ಬರಬ್ಯಾಡ್ರಿ. ಅವ ಒಬ್ಬನ ಜೀವ ತಗದಾನ. ನನಗ ತಮ್ಮ ಇಲ್ಲ.”

ಅಂದು ಅವ್ವನವರು ರಾಟೆಯನ್ನು ನಿಲ್ಲಿಸಿದರು.

“ತಪ್ಪು ಮಾಡ್ಯಾನ, ಖರೆ. ಸತ್ತವನ ತಾಯಿ ಅಳೂದನ್ನ ನಾನೂ ಕೇಳೀನಿ. ಕೋರ್ಟು ಶಿಕ್ಷಾ ಕೊಟ್ಟೈತಿ. ಅದರ ಮ್ಯಾಲೆ ನೀ ಬ್ಯಾರೆ ಯಾಕ ಕೊಡಾಕತ್ತಿ?”

ದುಂಡಪ್ಪ ದನಿ ತಗ್ಗಿಸಿ, “ಮಗಳ ಲಗ್ನ ಆಗಬೇಕಲ್ರಿ” ಎಂದ.

ಅವ್ವನವರು, “ನಾಳೆ ಮುಂಜಾನೆ ನಾ ಅವನ್ನ ನೋಡಾಕ ಹೊಂಟೀನಿ. ನನಗ ಬಸ್ಸಿನ ಬೋರ್ಡು ಕಾಣಾಂಗಿಲ್ಲ. ಬಂದು ಹತ್ತಿಸಿ ಹೋಗು” ಎಂದಷ್ಟೇ ನುಡಿದು ಮತ್ತೆ ನೂಲಿಗೆ ಕೈಹಾಕಿದರು.

ಮರುದಿನ ದುಂಡಪ್ಪ ಸ್ಟ್ಯಾಂಡಿಗೆ ಬಂದ. ನೀಲವ್ವ ಕಟ್ಟಿಕೊಟ್ಟ ಗಂಟು ಅವ್ವನವರ ಕಂಕುಳಲ್ಲಿತ್ತು. ನಡುದಾರಿಯಲ್ಲಿ ಬಸ್ಸು ಬದಲಿಸಬೇಕು. ಕಣ್ಣು ಮಂಜಾದ ವೃದ್ಧೆಯನ್ನು ಒಂಟಿಯಾಗಿ ಕಳಿಸಲು ಮನಸ್ಸು ಬಾರದೆ, ಗೇಟಿನ ತನಕ ಬಿಟ್ಟು ಬಂದರಾಯಿತೆಂದು ತಾನೂ ಹತ್ತಿದ.

ಜೈಲಿನ ಮುಂದೆ ಭೇಟಿಗೆ ಬಂದವರ ಸಾಲಿತ್ತು; ಹೆಚ್ಚಿನವರು ಹೆಂಗಸರು, ಕೂಸು ಹೊತ್ತವರು. ಯಾರೋ ಅವ್ವನವರ ಗುರುತು ಹಿಡಿದು ಕುರ್ಚಿ ತಂದಿಟ್ಟರು. ಅದರಲ್ಲಿ ಒಬ್ಬ ಬಾಣಂತಿಯನ್ನು ಕೂರಿಸಿ ಅವರು ಸಾಲಿನಲ್ಲಿಯೇ ನಿಂತರು; ಅವರನ್ನು ಬಿಟ್ಟುಹೋಗಲಾರದೆ ದುಂಡಪ್ಪನೂ ಹಿಂದೆ ನಿಂತ. ಬಿಸಿಲೇರಿತು. ಕೊನೆಗೆ ಕಿಟಕಿಯ ಹತ್ತಿರ ಬಂದಾಗ ಪೇದೆ ಕೇಳಿದ: “ಕೈದಿ ಈರಪ್ಪ? ನೀವು ಅವಗ ಏನಾಗಬೇಕ್ರಿ?”

“ನಾ ಏನೂ ಆಗಬೇಕಿಲ್ಲಪ್ಪಾ. ಆಗಬೇಕಾದವ ನನ್ನ ಹಿಂದ ನಿಂತಾನ.”

ಪೇದೆ ದುಂಡಪ್ಪನನ್ನು ನೋಡಿದ. ಹಿಂದಿನವರು ಬೇಗ ಬೇಗ ಎನ್ನುತ್ತಿದ್ದರು. ದುಂಡಪ್ಪ ಕಿಟಕಿಗೆ ಬಾಗಿದ.

“ಅಣ್ಣ” ಎಂದ.

“ಜೋರಾಗಿ ಹೇಳ್ರಿ, ಕೇಳಸವಲ್ದು.”

“ನಾ ಅವನ ಅಣ್ಣರೀ!”

ಗಂಟಿನಲ್ಲಿದ್ದ ಬನಿಯನ್, ಸಾಬೂನು ಒಳಗೆ ಹೋದವು. ಹೊರಗಿನ ಊಟ ನಡೆಯುವುದಿಲ್ಲವೆಂದು ಸಜ್ಜಿರೊಟ್ಟಿ, ಶೇಂಗಾಚಟ್ನಿಯನ್ನು ಪೇದೆ ಮರಳಿಸಿದ. ಅವ್ವನವರು ಅದನ್ನು ಸಾಲಿನಲ್ಲಿದ್ದ ಮಕ್ಕಳಿಗೆ ಹಂಚಿ ಹೊರಗೆ ಬೇವಿನ ನೆರಳಲ್ಲಿ ಕುಳಿತರು. ದುಂಡಪ್ಪ ಒಬ್ಬನೇ ಒಳಗೆ ಹೋದ.

ಭೇಟಿಕೋಣೆಯ ಜಾಲರಿಯ ಆಚೆ ಬಹಳ ಹೊತ್ತಾದರೂ ಯಾರೂ ಬರಲಿಲ್ಲ. ಆಮೇಲೆ ಈರಪ್ಪ ಬಂದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. “ಹೆಸರು ಕೂಗಿದ್ದು ಕೇಳಿತ್ತು ಅಣ್ಣಾ. ಬ್ಯಾರೆ ಯಾವನೋ ಈರಪ್ಪ ಇರಬೇಕಂತ ಸುಮ್ನ ಕುಂತಿದ್ದೆ” ಎಂದ.

ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡು ಬಂದಿದ್ದ ದುಂಡಪ್ಪನ ಬಾಯಿಂದ ಹೊರಟದ್ದು, “ಊಟ ಮಾಡೀಯೇನೋ?” ಎಂಬ ಮಾತು. ಈರಪ್ಪ ವೈನಿ ನೀಲವ್ವನ ಸುದ್ದಿ ಕೇಳಿದ, ಕಸ್ತೂರಿಯ ಸುದ್ದಿ ಕೇಳಿದ. ಅಣ್ಣ ತಮ್ಮ ಇಬ್ಬರೂ ಅಳುವಷ್ಟರಲ್ಲಿ ಭೇಟಿಯ ವೇಳೆ ಮುಗಿಯಿತು.

ಹೊರಬಂದ ದುಂಡಪ್ಪ ಅವ್ವನವರ ಪಾದಕ್ಕೆ ಬಿದ್ದ. ಅವರು ಅವನನ್ನು ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಇನ್ನ ಮ್ಯಾಲೆ ಯಾವ ದಿನ ಒಳಗ ಬಿಡತಾರ, ಕೇಳಿದೇನು?” ಎಂದರು. ಅವನು ಕಣ್ಣೊರೆಸಿಕೊಂಡು ಕೇಳಲು ಮತ್ತೆ ಕಿಟಕಿಗೆ ಹೋದ.

ಅಲ್ಲಿಂದ ಗಂಡ ಹೆಂಡತಿ ಇಬ್ಬರೂ ತಪ್ಪದೆ ಹೋಗತೊಡಗಿದರು. ಕಸ್ತೂರಿಯನ್ನು ನೋಡಲು ಬಂದವರಿಗೆ ದುಂಡಪ್ಪ ಇದ್ದುದನ್ನು ಇದ್ದಂತೆ ಹೇಳಿದ. ಕೆಲವರು ಚಹಾ ಕುಡಿದು ಎದ್ದುಹೋದರು. ಲಗ್ನ ತಡವಾಯಿತು, ಆದರೆ ಎಲ್ಲ ತಿಳಿದೂ ಒಪ್ಪಿದ ಮನೆಯೊಂದು ಸಿಕ್ಕಿತು. ಈ ನಡುವೆ ಅವ್ವನವರು ಲಿಂಗೈಕ್ಯರಾದರು.

ಮುಂದೆ ಎಷ್ಟೋ ವರ್ಷಗಳಿಗೆ, ಒಳ್ಳೆಯ ನಡತೆಯ ಮೇಲೆ ಈರಪ್ಪನ ಬಿಡುಗಡೆಯಾಯಿತು. ಕರೆತರಲು ಅಣ್ಣ ಹೋಗಿದ್ದ. ಊರು ಹತ್ತಿರವಾದಂತೆ ಈರಪ್ಪನ ಮುಖ ಸಣ್ಣದಾಯಿತು. “ಸ್ಟ್ಯಾಂಡಿನ್ಯಾಗ ಕುಂತು, ಕತ್ತಲಾದ ಮ್ಯಾಲೆ ಓಣಿಗೆ ಹೋಗೂಣು ಅಣ್ಣಾ” ಎಂದ.

ಅಂದು ಸಂತೆಯ ದಿನ. ದುಂಡಪ್ಪ ತಮ್ಮನ ಹೆಗಲ ಮೇಲೆ ಕೈಯಿಟ್ಟು, ನಡುಮಧ್ಯಾಹ್ನದ ಬಿಸಿಲಲ್ಲಿ, ಜನ ಕಿಕ್ಕಿರಿದ ಬಜಾರದ ನಡುವಿನಿಂದಲೇ ಅವನನ್ನು ಮನೆಗೆ ನಡೆಸಿಕೊಂಡು ಹೋದ. ತಿರುಗಿ ನೋಡಿದವರಿಗೆಲ್ಲ ತಾನಾಗಿಯೇ ಕೂಗಿ ಹೇಳುತ್ತಿದ್ದ: “ನನ್ನ ತಮ್ಮ ಬಂದಾನ್ರಿ!”