ವರ್ಣದ ನಡುವಿನ ‘ಛೆ’

ನರಹರಿ ತನ್ನ ವೀಣೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಂದು ರುಕ್ಮಿಣಮ್ಮನವರ ಮುಂದೆ ಇಟ್ಟ.

"ಅಮ್ಮಾ, ಸಂಜೆ ದೋಣಿಗೆ ಊರಿಗೆ ಹೊರಡ್ತೀನಿ. ಇನ್ನು ವೀಣೆ ಮುಟ್ಟಲ್ಲ."

ನದಿದಡದ ಆ ಪುಟ್ಟ ಆಶ್ರಮದಲ್ಲಿ ವೀಣೆ ಕಲಿಸುತ್ತಿದ್ದವರು ರುಕ್ಮಿಣಮ್ಮ. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಯಾಕೆ?"

"ಯಾಕೆ ಅಂತ ನಿಮಗೆ ಗೊತ್ತಿಲ್ವಾ? ಕಳೆದ ಮಳೆಗಾಲದಿಂದ ಅದೇ ಕಲ್ಯಾಣಿ ವರ್ಣ. ಚರಣಕ್ಕೆ ಬಂದ ಕೂಡಲೇ ಬೆರಳು ತೊಡರಿಕೊಳ್ಳತ್ತೆ. ಅಲ್ಲಿಂದಾಚೆ ಹೋಗೋದೇ ಇಲ್ಲ."

"ಸಾಧನೆ ಮಾಡಿದ್ಯಾ?"

ಅವನಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬರದೇ ಇರುತ್ತದೆಯೇ? ವೀಣೆಯೊಂದು ಬಿಟ್ಟರೆ ಬದುಕಿನಲ್ಲಿ ಬೇರೇನನ್ನೂ ಬಯಸದವನು ಅವನು. ಕೋಳಿ ಕೂಗುವ ಮೊದಲೇ ಎದ್ದು ಕೂರುತ್ತಿದ್ದ. ಎಡಗೈ ಬೆರಳುಗಳಲ್ಲಿ ತಂತಿಯ ಗೆರೆ ಕಪ್ಪಾಗಿ ಕೂತುಬಿಟ್ಟಿತ್ತು. ಅವನ ವರ್ಣದ ಮೊದಲರ್ಧ ಆಶ್ರಮದ ಹಸುವಿಗೂ ಬಾಯಿಪಾಠವಾಗಿತ್ತು. ಉಳಿದರ್ಧ ಹೇಗಿರುತ್ತದೆ ಎನ್ನುವುದು ಮಾತ್ರ, ಪಾಪ, ಅದಕ್ಕೆ ಗೊತ್ತಿರಲಿಲ್ಲ.

"ಮಾಡಿದೀನಮ್ಮಾ. ನೀವು ಹೇಳಿದ ಹಾಗೇ ಮಾಡಿದೀನಿ. ತಪ್ಪಿದರೆ ಮೊದಲಿಂದ ಶುರು ಮಾಡು ಅಂದಿದ್ರಿ. ಪ್ರತಿ ಸಲ ಮೊದಲಿಂದಲೇ ಶುರು ಮಾಡಿದೀನಿ."

"ಅದನ್ನ ಯಾವಾಗ ಹೇಳಿದ್ದು ನಾನು?"

"ಸರಳೆ ಹೇಳಿಕೊಡುವಾಗ."

"ಅಂದ್ರೆ ನಿನಗೆ ಮೀಸೆ ಬರೋಕೆ ಮುಂಚೆ."

"ಆಮೇಲೆ ನೀವು ಬೇಡ ಅನ್ನಲಿಲ್ಲವಲ್ಲ!"

ರುಕ್ಮಿಣಮ್ಮ ಸೊಪ್ಪಿನ ಮೊರವನ್ನು ಪಕ್ಕಕ್ಕೆ ತಳ್ಳಿದರು. "ದೇವರೇ, ಇಂಥವರನ್ನೆಲ್ಲ ಹುಡುಕಿ ಹುಡುಕಿ ನನ್ನ ಹತ್ತಿರವೇ ಕಳಿಸ್ತೀಯಲ್ಲ" ಎಂದರು. ಕೈ ತೊಳೆದು, ತಂತಿಯ ಮೇಲೆ ಬೆರಳು ಸಲೀಸಾಗಿ ಜಾರಲೆಂದು ಹಚ್ಚುವ ಎಣ್ಣೆಯ ಬಟ್ಟಲು ತಂದಿಟ್ಟುಕೊಂಡು, ಪಂಚೆ ಬಿಚ್ಚಿ, ವೀಣೆ ಎತ್ತಿಕೊಂಡರು.

"ಕೂತು ಕೇಳು."

ವರ್ಣ ಶುರುವಾಯಿತು. ಪಲ್ಲವಿ ಬಂತು, ಅನುಪಲ್ಲವಿ ಬಂತು. ಕೇಳುತ್ತಾ ಕೇಳುತ್ತಾ ನರಹರಿ ಸಿಟ್ಟು ಮರೆತು ಕಣ್ಣು ಮುಚ್ಚಿದ. ಚರಣ ಬಂತು.

ಟಣ್ ಎಂದು ತಂತಿ ಅಪಸ್ವರ ನುಡಿಯಿತು.

"ಛೆ!" ಎಂದರು ರುಕ್ಮಿಣಮ್ಮ. ಉಸಿರು ಬಿಟ್ಟರು. ಸೂರಿನ ಕಡೆ ನೋಡಿದರು. ಪಕ್ಕದ ಎಣ್ಣೆ ಬಟ್ಟಲಿಗೆ ಎರಡು ಬೆರಳು ಅದ್ದಿದರು. ಮತ್ತೆ ಪಲ್ಲವಿಯಿಂದ ಹಿಡಿದರು.

ಮತ್ತೆ ಅದೇ ಚರಣ, ಅದೇ ಟಣ್.

"ಛೆ!"

ಉಸಿರು, ಸೂರು, ಎಣ್ಣೆ. ಮತ್ತೆ ಪಲ್ಲವಿ.

ನರಹರಿಗೆ ತಡೆಯಲಾಗಲಿಲ್ಲ.

"ಅಣಕಿಸ್ತಿದೀರಾ ಅಮ್ಮಾ?"

"ಅಣಕ ಅಲ್ಲಪ್ಪ, ನೀನು ಕಲಿತಿದ್ದನ್ನ ಒಪ್ಪಿಸ್ತಿದೀನಿ. ನಾನು ಹೇಳಿಕೊಟ್ಟ ವರ್ಣದಲ್ಲಿ ‘ಛೆ’ ಇರಲಿಲ್ಲ. ನಿನ್ನದರಲ್ಲಿದೆ. ಅದೂ ಒಂದು ದಿನವೂ ತಾಳ ತಪ್ಪದೆ ಬೀಳತ್ತೆ. ಸಾಧನೆ ಸಾಲದು ಅಂತ ಯಾರು ಹೇಳಿದ್ದು? ಅಲ್ಲಿ ನಿಲ್ಲೋದನ್ನ ಇಷ್ಟು ಗಟ್ಟಿಯಾಗಿ ಕಲಿತವರನ್ನ ನಾನು ನೋಡೇ ಇಲ್ಲ."

ನರಹರಿಯ ಮುಖ ಕೆಂಪಾಯಿತು.

"ಹಾಗಾದರೆ ಏನು ಮಾಡಲಿ?"

"ಹಿಡಿ ವೀಣೆ. ಚರಣದಿಂದ ನುಡಿಸು."

"ನಡುವಿನಿಂದಲಾ? ಪಲ್ಲವಿ ಬಿಟ್ಟು? ಅಪಚಾರ ಅಲ್ವಾ ಅಮ್ಮಾ?"

"ನಿನ್ನ ಪಲ್ಲವಿ ಇನ್ನೊಂದು ಸಲ ಕೇಳಿದರೆ ನಾನೇ ಆ ದೋಣಿ ಹತ್ತಿ ಹೊರಟುಬಿಡ್ತೀನಿ. ನುಡಿಸು!"

ನುಡಿಸಿದ. ಎಂದಿನ ಜಾಗದಲ್ಲಿ ಬೆರಳು ತೊಡರಿತು. ಬಾಯಿ ತಾನಾಗಿಯೇ ತೆರೆಯಿತು, ಕೈ ಎಣ್ಣೆ ಬಟ್ಟಲಿನ ಕಡೆ ಹೋಯಿತು. ಬಟ್ಟಲು ಅಲ್ಲಿರಲಿಲ್ಲ. ರುಕ್ಮಿಣಮ್ಮನವರ ಮಡಿಲಲ್ಲಿತ್ತು.

"ಮುಂದೆ!" ತೊಡೆಯ ಮೇಲೆ ತಾಳ ಹಾಕುತ್ತಲೇ ಗದರಿದರು.

ಮುಂದೆ ಎಲ್ಲಿಗೆ? ಪಾಠ ಕೇಳಿದ್ದನೇ ಹೊರತು ಅವನ ಬೆರಳು ಆ ಕಡೆ ಹೋದದ್ದೇ ಕಡಿಮೆ. ಆದರೂ ಹೋದ. ಒಂದು ಸ್ವರ ನುಂಗಿಹೋಯಿತು, ಇನ್ನೆರಡು ಒಂದರ ಮೇಲೊಂದು ಬಿದ್ದವು. ರುಕ್ಮಿಣಮ್ಮ ತಾಳ ನಿಲ್ಲಿಸಲಿಲ್ಲ. ಅವನಿಗೂ ನಿಲ್ಲಲು ಧೈರ್ಯ ಬರಲಿಲ್ಲ. ಕೊನೆಯ ಸಾಲಿನಲ್ಲಿ ಬೆರಳು ಜಾರಿ, ಕಲ್ಯಾಣಿಗೆ ಸಂಬಂಧವೇ ಇಲ್ಲದ ಮೆಟ್ಟಿನ ಮೇಲೆ ಕೂತಿತು. ಆಮೇಲೆ ಅವಸರದಲ್ಲಿ ಎದ್ದು ಹೇಗೋ ಕೊನೆ ಮುಟ್ಟಿತು.

ನರಹರಿ ಬೆವತಿದ್ದ. ವೀಣೆಯನ್ನು ಕೆಳಗಿಟ್ಟ.

"ಕೇಳಿದ್ರಲ್ಲ ಅಮ್ಮಾ. ಕೊನೆಯಲ್ಲಿ ಪೂರ್ತಿ ಕೆಟ್ಟುಹೋಯ್ತು. ಅಂಥ ತಪ್ಪು ನಾನು ಯಾವತ್ತೂ ಮಾಡಿರಲಿಲ್ಲ. ನಾನು ಹೊರಡೋದೇ ಸರಿ."

ರುಕ್ಮಿಣಮ್ಮ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡರು.

"ಇಷ್ಟು ದಿನ ಒಂದೇ ತಪ್ಪು ಕೇಳಿ ಕೇಳಿ ಕಿವಿ ಸೋತುಹೋಗಿತ್ತು ಕಣೋ. ಇವತ್ತು ಹೊಸದೊಂದು ಕೇಳಿಸಿದೆ. ನಾಳೆ ಇನ್ನೊಂದು ತಗೊಂಡು ಬಾ."